ಹೊದಿಕೆಯ ಕೆಳಗಿನ ದೀಪ

"ಬಿಚ್ಚು ಅದನ್ನ!" ಬೇಲಿಯಾಚೆಯಿಂದಲೇ ಯೂಲಾ ಕೂಗಿದಳು. "ಮೂಟೆ ಕಟ್ಟಿದ ಹಾಗೆ ಬುಡಕ್ಕೆ ಬಿಗಿದಿದ್ದೀಯಲ್ಲ, ನೆಲದ ಬಿಸಿ ಮೇಲೆ ಹೋಗೋದು ಹೇಗೆ? ಬೆಡ್‌ಶೀಟು ನೆಲ ಮುಟ್ಟಬೇಕು."

ವೆಲ್ಮಾ ಕಿತ್ತಳೆ ಗಿಡಕ್ಕೆ ಹೊದಿಸಿದ್ದ ಬೆಡ್‌ಶೀಟಿನ ಗಂಟು ಬಿಚ್ಚಿದಳು. ಫೆಬ್ರವರಿ ಮುಗಿಯುತ್ತ ಬಂದಿತ್ತು; ಚಳಿ ಹೋಯಿತೆಂದು ನಂಬಿ ಗಿಡಗಳು ಮೊಗ್ಗು ಬಿಟ್ಟಿದ್ದವು. ಇವತ್ತು ರಾತ್ರಿ ನೀರು ಹೆಪ್ಪುಗಟ್ಟುವಂಥ ಚಳಿ ಬರುತ್ತದೆಂದು ರೇಡಿಯೊ ಬೆಳಗಿನಿಂದ ಬಡಬಡಿಸುತ್ತಿತ್ತು. ದಕ್ಷಿಣ ಲೂಸಿಯಾನದ ಆ ಓಣಿಯ ಹಿತ್ತಿಲುಗಳಲ್ಲೆಲ್ಲ ಜನ ಹಳೆಯ ಬೆಡ್‌ಶೀಟು, ಪರದೆ, ಕಂಬಳಿ ಹಿಡಿದು ಗಿಡಗಳ ಸುತ್ತ ಓಡಾಡುತ್ತಿದ್ದರು. ಯಾರ ಮನೆಯ ಬೆಡ್‌ಶೀಟಿನಲ್ಲಿ ಎಷ್ಟು ತೂತು ಎಂಬುದು ಊರಿಗೆಲ್ಲ ತಿಳಿಯುವುದು ಇಂಥ ದಿನವೇ.

ಯೂಲಾ ಗೇಟು ತೆಗೆದು ಒಳಗೇ ಬಂದಳು. ಅವಳಿಗೆ ಆ ಹಕ್ಕಿತ್ತು, ಇದೆಯೆಂದು ಅವಳಂತೂ ತಿಳಿದಿದ್ದಳು. ಆ ಕಿತ್ತಳೆ ನೆಟ್ಟವಳು ಅವಳ ತಂಗಿ ಇನೇಜ್, ಆಲ್ಸಿಡ್‌ನ ಮೊದಲ ಹೆಂಡತಿ. ಇನೇಜ್ ತೀರಿಕೊಂಡ ಮೇಲೆ ಆಲ್ಸಿಡ್‌ನನ್ನು ಮದುವೆಯಾಗಿ ಈ ಮನೆಗೆ ಬಂದವಳು ವೆಲ್ಮಾ.

"ನವೆಂಬರಿನಲ್ಲಿ ಸಂತರ ಹಬ್ಬಕ್ಕೆ ನನ್ನ ತಂಗಿ ಸಮಾಧಿ ಮೇಲೆ ಇಡೋದು ಈ ಗಿಡದ ಹಣ್ಣೇ," ಎಂದಳು ಯೂಲಾ. "ಆಲ್ಸಿಡ್ ಎಣ್ಣೆ ಬಾವಿ ಕೆಲಸಕ್ಕೆ ಸಮುದ್ರಕ್ಕೆ ಹೋದಾಗಲೇ ಈ ಹಾಳು ಚಳಿ ಬರಬೇಕಾ! ಬಂದ್ರೆ ನಿನಗೇನು ಬಿಡು."

"ನನಗೇನು ಅಂದ್ರೆ ಏನರ್ಥ, ಮಿಸ್ ಯೂಲಾ?" ಆ ಕಡೆ ಹಿರಿಯ ಹೆಂಗಸರಿಗೆ, ಮದುವೆಯಾದವರಿಗೂ, ಮರ್ಯಾದೆಗೆ 'ಮಿಸ್' ಎನ್ನುವುದೇ ರೂಢಿ.

"ಅರ್ಥ ಏನೂ ಇಲ್ಲಮ್ಮ. ಬಲ್ಬು ಎಲ್ಲಿ?"

ವೆಲ್ಮಾ ಒಳಗಿನಿಂದ ಕ್ರಿಸ್‌ಮಸ್‌ನ ಎರಡು ಸೀರಿಯಲ್ ಸೆಟ್ ತಂದಳು. ಒಂದು ಇನೇಜಳ ಕಾಲದ್ದು. ಮುಟ್ಟಿದರೆ ಬೆರಳು ಚುರುಗುಟ್ಟುವಷ್ಟು ಬಿಸಿಯಾಗುವ ಹಳೆಯ ಬಲ್ಬುಗಳು. ಹೊದಿಕೆಯ ಒಳಗೆ ಅದನ್ನು ಸುತ್ತಿ ಹಚ್ಚಿಟ್ಟರೆ ಗಿಡ ಬೆಳಗಿನವರೆಗೆ ಬೆಚ್ಚಗಿರುತ್ತದೆ. ಇನ್ನೊಂದು ಹೊಸ ಎಲ್‌ಇಡಿ. ಝಗಮಗ ಹೊಳೆಯುತ್ತದೆ, ಮುಷ್ಟಿಯಲ್ಲಿ ಹಿಡಿದರೂ ಬಿಸಿಯಿಲ್ಲ. ಅಂಗಡಿಗಳಲ್ಲಿ ಈಗ ಹಳೆಯದು ಸಿಗುವುದಿಲ್ಲ. ಯೂಲಾಳ ಹತ್ತಿರ ಇದ್ದದ್ದು ಅವಳ ಗಿಡಗಳಿಗೇ ಸಾಲದು.

ಹಿತ್ತಿಲಿನಲ್ಲಿದ್ದ ಇನ್ನೊಂದು ಗಿಡ, ಮೂಲೆಯ ನಿಂಬೆ. ವೆಲ್ಮಾ ಅದನ್ನು ತವರಿನಿಂದ ಕುಂಡದಲ್ಲಿ ಹೊತ್ತು ತಂದಿದ್ದಳು. ಆಮೇಲೆ ಬಂದ ಬಿರುಗಾಳಿಯಲ್ಲಿ ಆ ತವರಿನ ಮನೆ, ಹಿತ್ತಿಲು ಎಲ್ಲ ಸಮುದ್ರದ ಪಾಲಾದವು. ಉಳಿದದ್ದು ಈ ಗಿಡವೊಂದೇ.

ಯೂಲಾ ಕಿತ್ತಳೆಯನ್ನೂ ನಿಂಬೆಯನ್ನೂ ಒಂದಾದ ಮೇಲೊಂದರಂತೆ ನೋಡಿದಳು. "ಬಿಸಿ ಸೆಟ್ಟು ಒಂದೇ ಅನ್ನು. ನಿನ್ನದಕ್ಕೇ ಕಟ್ಕೋ. ನಾನೇನು ಕಾವಲು ನಿಲ್ಲಲ್ಲ," ಎಂದು ಹೊರಟೇಬಿಟ್ಟಳು. ವೆಲ್ಮಾ ಎರಡೂ ಸೆಟ್ ಹಿಡಿದು ನಿಂತೇ ಇದ್ದಳು. ಅಳು ಬಂತು, ಸಿಟ್ಟೂ ಬಂತು. ಸತ್ತವಳ ಜೊತೆ ಜಗಳವನ್ನಾದರೂ ಹೇಗೆ ಆಡುವುದು?

ಕತ್ತಲಾಗುವ ಹೊತ್ತಿಗೆ ಯೂಲಾ ತನ್ನ ಅಡುಗೆಮನೆಯ ಕಿಟಕಿಯಿಂದ ಇಣುಕಿದಳು. ಎರಡು ಹೊದಿಕೆಗಳ ಒಳಗೂ ದೀಪಗಳು ಉರಿಯುತ್ತಿದ್ದವು. ಅಲ್ಲಿಂದ ನೋಡಿದರೆ ಯಾವುದು ಬಿಸಿ, ಯಾವುದು ತಣ್ಣಗೆ ಎಂದು ಹೇಳುವಂತಿರಲಿಲ್ಲ. "ನಿಂಬೆಗೇ ಕಟ್ಟಿರ್ತಾಳೆ, ಬರೆದಿಟ್ಕೋ," ಎಂದು ಗಂಬೊ ಸಾರು ಉಣ್ಣುತ್ತಿದ್ದ ಗಂಡನಿಗೆ ಹೇಳಿದಳು.

ಬೆಳಿಗ್ಗೆ ನಾಯಿಯ ಬಟ್ಟಲಿನ ನೀರು ಕಲ್ಲಾಗಿತ್ತು. ಬಿಸಿಲು ಬೇಲಿ ದಾಟುವ ಹೊತ್ತಿಗೆ ಯೂಲಾ ನೈಟಿಯ ಮೇಲೆ ಕೋಟು ಹಾಕಿಕೊಂಡು ಬಂದಳು. ವೆಲ್ಮಾ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತಿದ್ದಳು. ಒಂದು ಮಾತೂ ಕೇಳದೆ ಯೂಲಾ ಕಿತ್ತಳೆಯ ಹೊದಿಕೆ ಎತ್ತಿದಳು. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಎಲೆಗಳು ಹಸಿರಾಗಿದ್ದವು, ಮೊಗ್ಗು ಒಂದೂ ಉದುರಿರಲಿಲ್ಲ. ಅವಳ ಕಣ್ಣು ತುಂಬಿ ಬಂತು.

ಆಮೇಲೆ ಮೂಲೆಗೆ ಹೋಗಿ ನಿಂಬೆಯ ಹೊದಿಕೆ ಎತ್ತಿದಳು. ಹೊಸ ದೀಪಗಳು ಕೆಂಪು, ನೀಲಿ, ಹಸಿರಾಗಿ ಹೊಳೆಯುತ್ತಿದ್ದವು. ಅವುಗಳ ನಡುವೆ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿದ್ದವು.

"ಏನೇ ಇದು, ವೆಲ್ಮಾ!" ಯೂಲಾ ಕಪ್ಪಾದ ಎಲೆಯೊಂದನ್ನು ಬೆರಳಲ್ಲಿ ಹಿಡಿದಳು. "ನಿಂಬೆ ನಾಜೂಕು ಗಿಡ ಕಣೇ. ಕಿತ್ತಳೆ ಬರೀ ಹೊದಿಕೇಲೇ ಹೇಗೋ ತಡ್ಕೊಳ್ತಿತ್ತು. ಬಿಸಿ ಬೇಕಿದ್ದದ್ದು ಇದಕ್ಕೆ. ಅಷ್ಟೂ ಗೊತ್ತಿರಲಿಲ್ವಾ ನಿನಗೆ?"

"ಗೊತ್ತಿತ್ತು."

"ಮತ್ತೆ?"

ವೆಲ್ಮಾ ಎದ್ದು ಬಂದು ಹೊಸ ಸೆಟ್ಟಿನ ಪ್ಲಗ್ ಕಿತ್ತಳು.

"ನಿಂಬೆ ಸತ್ರೆ ಚಳಿ ಕೊಂದಿತು ಅಂತೀರಿ, ಮಿಸ್ ಯೂಲಾ. ಕಿತ್ತಳೆ ಸತ್ತಿದ್ರೆ ವೆಲ್ಮಾ ಕೊಂದಳು ಅಂತಿದ್ರಿ."