ಕಿರುಬೆರಳಿನಷ್ಟು ದಪ್ಪ

ಅತ್ತೆ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಸೊಸೆಗೆ ಹುಟ್ಟಿದ್ದು ಅಂಗಡಿಯಲ್ಲೇ.

ಅಂಗಡಿಯವನು ನೆಲಕ್ಕೆ ಹಾಸುವ ಕಾರ್ಕ್ ಹಲಗೆಗಳನ್ನು ಸಾಲಾಗಿ ಜೋಡಿಸಿದ್ದ. ಜೇನಿನ ಬಣ್ಣ, ಬೂದಿ ಬಣ್ಣ, ಸುಟ್ಟ ಇಟ್ಟಿಗೆಯ ಬಣ್ಣ. ಅತ್ತೆ ಒಂದರ ಮುಖವನ್ನೂ ನೋಡಲಿಲ್ಲ. ಕೈಗೆ ಸಿಕ್ಕ ಹಲಗೆಯನ್ನು ಅಡ್ಡ ಹಿಡಿದು, ಅಂಚಿಗೆ ಕಿರುಬೆರಳು ಒತ್ತಿ, ಒಂದು ಕಣ್ಣು ಮುಚ್ಚಿ ನೋಡಿದರು.

"ಇದರ ಕೆಳಗೆ ಒಂದು ಮೆತ್ತನೆ ಹಾಸು ಬರುತ್ತೆ ಅಂದ್ಯಲ್ಲಪ್ಪ. ಎರಡೂ ಸೇರಿದ್ರೆ ನನ್ನ ಈ ಬೆರಳಿನಷ್ಟು ದಪ್ಪ ಆಗುತ್ತಾ?"

"ಸರಿಯಾಗಿ ಅಷ್ಟೇ ಆಗುತ್ತಮ್ಮ. ಬಣ್ಣ ಯಾವುದು ಕೊಡ್ಲಿ?"

"ಯಾವುದಾದ್ರೂ ಕೊಡು. ನೆಲಕ್ಕೇನು ಗಂಡು ಹುಡುಕ್ಬೇಕಾ?"

ದಾರಿಯಲ್ಲಿ ಸೊಸೆ ತಡೆಯಲಾರದೆ ಕೇಳಿದಳು. "ಇರೋ ನೆಲ ಚೆನ್ನಾಗೇ ಇದೆಯಲ್ಲ ಅತ್ತೆ, ಈಗ್ಯಾಕೆ ಇದೆಲ್ಲ?"

"ಈ ನೆಲ ಹಾಸ್ಲಿ, ನಿಮ್ಮಾವ ಮೊದಲಿನ ಹಾಗೆ ಆಗ್ತಾರೆ. ನೋಡ್ತಿರು."

ಸೊಸೆ ಅತ್ತೆಯ ಹಣೆ ಮುಟ್ಟಿ ನೋಡಬೇಕೆಂದುಕೊಂಡಳು.

ಹೋದ ಹುಟ್ಟುಹಬ್ಬದಿಂದ ಮಾವ ಮಂಕಾಗಿದ್ದರು. ಬೀದಿದೀಪ ರಿಪೇರಿಯ ಕೆಲಸದಿಂದ ನಿವೃತ್ತರಾದ ಮನುಷ್ಯ. ನಕ್ಕರೆ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ಸ್ಟೂಲಿಲ್ಲದೆ ಅಟ್ಟದ ಡಬ್ಬ ಇಳಿಸಿ, "ಇನ್ನೇನಮ್ಮ ಬೇಕು?" ಎಂದು ಮೀಸೆ ತಿರುವುತ್ತಿದ್ದವರು. ಈಗ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಊಟ ಅರ್ಧ ತಟ್ಟೆಯಲ್ಲೇ. ಡಾಕ್ಟರು ಎದೆ, ಬೆನ್ನು ಎಲ್ಲ ತಟ್ಟಿ, ಗಟ್ಟಿಮುಟ್ಟಾಗಿದ್ದಾರೆ ಎಂದು ಕಳಿಸಿದ್ದರು. ಕಾರಣ ಅತ್ತೆಗೆ ಮಾತ್ರ ಗೊತ್ತಿತ್ತು. ಕೇಳಿದರೆ ತುಟಿ ಹೊಲಿದುಕೊಳ್ಳುತ್ತಿದ್ದರು.

ಪೆಟ್ಟಿಗೆಗಳು ಬಂದವು. ಹಲಗೆಗಳು ಮನೆಯ ಗಾಳಿಗೆ ಒಗ್ಗಬೇಕು, ನಾಲ್ಕು ದಿನ ಬಿಚ್ಚಿಡಿ ಎಂದು ಅಂಗಡಿಯ ಕಡೆಯಿಂದ ಬಂದ ನೆಲದವನು ಹೇಳಿಹೋದ. ಮಾವ ಕುರ್ಚಿಯಿಂದಲೇ ಗೊಣಗಿದರು. "ಬಾಟ್ಲಿಗೆ ಹಾಕೋ ಬಿರಡೆ ತಂದು ಮನೆಗೆ ಹಾಸ್ತಾಳಂತೆ! ನನ್ನನ್ನೂ ಒಳಗೆ ತುಂಬಿ ಬಿರಡೆ ಜಡಿದುಬಿಡು."

"ನಿಮ್ಮ ಬಾಯಿಗೆ ಸಾಲೋಷ್ಟು ದೊಡ್ಡ ಬಿರಡೆ ಸಿಗ್ಲಿಲ್ಲ," ಎಂದರು ಅತ್ತೆ.

ಮರುದಿನ ಸೊಸೆ ಬಟ್ಟೆ ಒಣಹಾಕಿ ಬಂದಾಗ ಮಾವ ಪೆಟ್ಟಿಗೆಯ ಮುಂದೆ ಬಗ್ಗಿದ್ದರು. ಹಲಗೆಯ ಅಂಚಿಗೆ ಬೆರಳಿಟ್ಟಿದ್ದರು. ಅವಳನ್ನು ಕಂಡು, ಬಿಸಿ ತಾಗಿದವರಂತೆ ಕೈ ಹಿಂದೆಳೆದುಕೊಂಡರು. ಆಮೇಲೆ ಶರಟು ಹಾಕಿಕೊಂಡು, "ಸ್ವಲ್ಪ ಅಡ್ಡಾಡಿ ಬರ್ತೀನಿ," ಎಂದು ಹೊರಟೇಬಿಟ್ಟರು. ಎಷ್ಟೋ ತಿಂಗಳ ಮೇಲೆ! ಸಿಳ್ಳೆ ಹಾಕುತ್ತ ವಾಪಸು ಬಂದರು. ಊಟಕ್ಕೆ ಕೂತು ಎರಡನೇ ಸಲ ಬಡಿಸಿಕೊಂಡರು.

"ನೋಡಿದ್ಯಾ?" ಅತ್ತೆ ಸೊಸೆಯ ಕಿವಿಯಲ್ಲಿ ಹೇಳಿದರು. "ಇನ್ನೂ ಹಾಸೇ ಇಲ್ಲ!"

ಕಾರ್ಕಿನ ವಾಸನೆಯಲ್ಲಿ ಏನಾದರೂ ಔಷಧವಿದೆಯೇ ಎಂದು ಸೊಸೆ ಒಂದು ಹಲಗೆಯನ್ನು ಮೂಸಿ ನೋಡಿದಳು. ಸೀನು ಬಂತು, ಅಷ್ಟೇ.

ನೆಲದವನು ಸಾಮಾನು ಹೊತ್ತು ಬಂದ. ಬಂದವನೇ, "ಹಳೇ ಹಾಸುಕಲ್ಲು ಕಿತ್ತುಬಿಡೋಣಮ್ಮ," ಎಂದ.

"ಕೀಳ್ಬೇಡ. ಅದರ ಮೇಲೇ ಹಾಸು."

"ನೆಲ ಎತ್ತರ ಆಗುತ್ತೆ. ಬಾಗಿಲಿನ ಬುಡ ಹೆರೀಬೇಕು."

"ಬಾಗಿಲು ಎಷ್ಟು ಬೇಕಾದ್ರೂ ಹೆರಿ. ಚೌಕಟ್ಟಿನ ತಂಟೆಗೆ ಹೋದ್ರೆ ನಿನ್ನನ್ನೇ ಹೆರೀತೀನಿ!"

ಅಡುಗೆಮನೆಯ ಆ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳಿದ್ದವು. ಮಗ ಮೊಣಕಾಲುದ್ದ ಇದ್ದಾಗಿನಿಂದ ಅವನು ಬೆಳೆದ ಅಳತೆ. ಹೆತ್ತ ಕರುಳು ಎಂದುಕೊಂಡಳು ಸೊಸೆ. ಕಣ್ಣು ತೇವವಾಯಿತು.

ಕೆಲಸ ಶುರುವಾಗುವ ಹೊತ್ತಿಗೆ ಮಾವನ ಕನ್ನಡಕ ಕಳೆದುಹೋಯಿತು. ಹಿತ್ತಿಲಲ್ಲಿ ಬಿದ್ದಿರಬೇಕು, ಹುಡುಕು ಎಂದು ಅತ್ತೆಯನ್ನು ಅಟ್ಟಿದರು. ಕನ್ನಡಕ ಅವರ ಜೇಬಿನಲ್ಲೇ ಇಣುಕುತ್ತಿತ್ತು. ಸೊಸೆ ಬಾಯಿ ತೆರೆದಳು. ಮಾವ ತುಟಿಯ ಮೇಲೆ ಬೆರಳಿಟ್ಟರು. ಅತ್ತ ನೆಲದವನು ಮೆತ್ತನೆ ಹಾಸಿನ ಸುರುಳಿ ಬಿಚ್ಚಿದ. ಅದರ ಮೇಲೆ ಇನ್ನೊಂದು ಬಿಚ್ಚಿದ.

"ಎರಡ್ಯಾಕೆ?"

"ಕಾಲಿನ ಸದ್ದು ಬರಬಾರದಲ್ವಾ ಅಕ್ಕ," ಎಂದವನು ಮುಖ ಆಚೆ ತಿರುಗಿಸಿಕೊಂಡ. ಅವನ ಭುಜ ಮಾತ್ರ ಕುಲುಕುತ್ತಿತ್ತು.

ಅತ್ತೆ ಬೈಯುತ್ತ ಒಳಗೆ ಬರುವ ಹೊತ್ತಿಗೆ ಹಾಸುಗಳು ಹಲಗೆಯ ಕೆಳಗೆ ಅಡಗಿದ್ದವು.

ಮಾವನ ಹುಟ್ಟುಹಬ್ಬದ ದಿನ ನೆಲದವನು ಮತ್ತೆ ಬಂದ. ಹೆರೆದಿದ್ದ ಅಡುಗೆಮನೆ ಬಾಗಿಲು ಇನ್ನೂ ನೆಲಕ್ಕೆ ಉಜ್ಜುತ್ತಿತ್ತು. "ಲೆಕ್ಕ ತಪ್ಪಿತೇನಪ್ಪ?" ಎಂದರು ಅತ್ತೆ. "ಮರ ಅಲ್ವಾಮ್ಮ, ಉಬ್ಬುತ್ತೆ," ಎಂದು ಅವನು ಬಾಗಿಲು ಕಳಚಿಕೊಂಡು ಕೂತ.

ಅತ್ತೆ ಪೆನ್ಸಿಲು, ಸ್ಕೇಲು ಹಿಡಿದು ಸ್ಟೂಲು ಹತ್ತಿದರು. "ಬನ್ನಿ, ಚೌಕಟ್ಟಿಗೆ ಬೆನ್ನು ಕೊಡಿ."

ಆಗ ಸೊಸೆ ಕತ್ತೆತ್ತಿದಳು. ಮಗನ ಗೆರೆಗಳಿಗಿಂತ ಬಹಳ ಮೇಲೆ ಇನ್ನೊಂದು ಗೆರೆಯಿತ್ತು. ಮದುವೆಯ ವರ್ಷದ ಮಾವ. ಪ್ರತಿ ಹುಟ್ಟುಹಬ್ಬಕ್ಕೂ ಅದರ ಮೇಲೇ ತಿದ್ದಿ ತಿದ್ದಿ ಗೆರೆ ದಪ್ಪವಾಗಿತ್ತು. ಹೋದ ವರ್ಷದ್ದೊಂದು ಮಾತ್ರ ಒಂಟಿಯಾಗಿ ಕೆಳಗಿತ್ತು, ಸರಿಯಾಗಿ ಒಂದು ಕಿರುಬೆರಳಿನಷ್ಟು.

ಸೊಸೆ ಗೆರೆ ನೋಡಿದಳು. ನೆಲ ನೋಡಿದಳು. ಅತ್ತೆ ಕಣ್ಣು ಮಿಟುಕಿಸಿದರು.

ಮಾವ ಎದೆಯುಬ್ಬಿಸಿ ನಿಂತರು. ಅತ್ತೆ ನೆತ್ತಿಯ ಮೇಲೆ ಸ್ಕೇಲಿಟ್ಟು, ನಗುನಗುತ್ತ ಗೆರೆ ಎಳೆದರು. ನಗು ಅಲ್ಲೇ ನಿಂತಿತು. ಹೊಸ ಗೆರೆ ಮದುವೆಯ ಗೆರೆಗಿಂತ ಅರ್ಧ ಬೆರಳು ಮೇಲಿತ್ತು.

"ಅಯ್ಯೋ ನಿಮ್ಮ! ಈ ವಯಸ್ಸಲ್ಲಿ ಬೆಳೆದಿದ್ದೀರಲ್ರೀ!"

"ಹೋದ ವರ್ಷ ನೀನು ಅಳೆದದ್ದೇ ಸೊಟ್ಟ ಅಂದ್ನೋ ಇಲ್ವೋ!" ಮಾವ ನಕ್ಕರು. ಪಕ್ಕದ ಮನೆಯ ನಾಯಿ ಬೊಗಳಿತು.

ಬಾಗಿಲು ಹೆರೆಯುತ್ತಿದ್ದ ನೆಲದವನು ತಲೆ ಚಚ್ಚಿಕೊಂಡ. "ಒಂದೇ ಹಾಸು ಸಾಕು ಯಜಮಾನ್ರೇ, ಎರಡು ಹಾಕಿದ್ರೆ ಅಮ್ಮನಿಗೆ ಗೊತ್ತಾಗುತ್ತೆ ಅಂತ ಅವತ್ತು ನೀವು ಅಂಗಡಿಗೆ ಬಂದಾಗ್ಲೇ ಬಡ್ಕೊಂಡೆ!"