ಶ್ರದ್ಧಾಂಜಲಿ ಪುಟ

ನೇಕಾರರ ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಿದ್ದು ಒಂದು ಗಂಟೆಯೂ ಆಗಿರಲಿಲ್ಲ. ಕೈ ಪಳಗಲಿ ಎಂದು ಶ್ರದ್ಧಾಂಜಲಿ ಪುಟ ತೆರೆದೆ. ಅಭ್ಯಾಸಕ್ಕೆ ಯಾರದಾದರೂ ಫೋಟೊ ಬೇಕಿತ್ತು. ಮೊದಲು ಸಿಕ್ಕಿದ್ದು ನಮ್ಮ ಅಧ್ಯಕ್ಷರದು. ಅವರ ಹೆಸರು ಹಾಕಿ, ಕೆಳಗೆ ‘ಇಂದು ಬೆಳಿಗ್ಗೆ ನಿಧನರಾದರು’ ಎಂದು ತುಂಬಿದೆ. ‘ಕರಡು ಉಳಿಸಿ’ ಒತ್ತುವ ಬದಲು ‘ಪ್ರಕಟಿಸಿ’ ಒತ್ತಿಬಿಟ್ಟೆ.

ಸಂಘದಲ್ಲಿ ಯಾರೇ ತೀರಿಕೊಂಡರೂ ಸುದ್ದಿ ತಾನಾಗಿಯೇ ಎಲ್ಲ ಸದಸ್ಯರ ಮೊಬೈಲಿಗೆ ಹೋಗುವಂತೆ ಹಿಂದಿನವರು ಏರ್ಪಾಡು ಮಾಡಿಟ್ಟಿದ್ದರು. ಅದು ನನಗೆ ಗೊತ್ತಾದದ್ದು, ಯಾರೋ ಹಾರ ಹಿಡಿದುಕೊಂಡು ಅಳುತ್ತಾ ಕಚೇರಿಯ ಬಾಗಿಲಿಗೆ ಬಂದು ನಿಂತಾಗ.

ಪುಟವನ್ನು ಅಳಿಸುವುದು ಹೇಗೆಂದು ಹುಡುಕಿದೆ. ಎಲ್ಲಿ ಒತ್ತಿದರೂ ಅಧ್ಯಕ್ಷರ ಫೋಟೊ ಇನ್ನಷ್ಟು ದೊಡ್ಡದಾಗುತ್ತಿತ್ತು. ಅಷ್ಟರಲ್ಲಿ ಅವರದೇ ಫೋನು ಬಂತು.

“ಏನಯ್ಯಾ, ನನ್ನ ಸಾಯಿಸಿಬಿಟ್ಟಿದ್ದೀಯಂತೆ?”

“ತಪ್ಪಾಯ್ತು ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ. ಹೇಗೆ ತೆಗೀಬೇಕು ಅಂತಾನೇ ಗೊತ್ತಾಗ್ತಿಲ್ಲ.”

“ಮನೆ ಮುಂದೆ ಶಾಮಿಯಾನ ಹಾಕೋಕೆ ಬಂದಿದ್ದಾರೆ ಕಣಯ್ಯಾ.”

“ಐದೇ ನಿಮಿಷ ಕೊಡಿ ಸಾರ್. ಆಗದಿದ್ರೆ ಈ ಕಂಪ್ಯೂಟರನ್ನೇ ಒಡೆದು ಹಾಕ್ತೀನಿ.”

ಹಾಗೆನ್ನುವಾಗಲೇ ಪರದೆಯ ಮೂಲೆಯಲ್ಲಿ ‘ಅಳಿಸಿ’ ಎಂಬುದು ಕಣ್ಣಿಗೆ ಬಿತ್ತು.

“ಸಿಕ್ತು ಸಾರ್! ಈಗ್ಲೇ ತೆಗೀತೀನಿ!”

“ತಡಿ, ತಡಿ,” ಎಂದರು ಅಧ್ಯಕ್ಷರು. ಆ ಕಡೆ ಮನೆಯವರನ್ನು ಏನೋ ಕೇಳಿ ಮತ್ತೆ ಫೋನಿಗೆ ಬಂದರು.

“ಸಂಜೆವರೆಗೂ ಇರ್ಲಿ ಬಿಡಯ್ಯಾ. ಹದಿನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದ ನನ್ನ ತಮ್ಮ ಈಗ ತಾನೇ ಬಸ್ ಹತ್ತಿದ್ದಾನಂತೆ.”