ಅಪ್ಪ ಕಲಿಸಿದ ಸದ್ದು

ಪೆಟ್ಟಿಗೆಯಿಂದ ಉಣ್ಣೆ ಬಟ್ಟೆ ತೆಗೆಯುವಾಗ ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ನನಗೆ ಶಾಲಾ ಇನ್ಸ್‌ಪೆಕ್ಟರರ ಕರಿಕೋಟು ನೆನಪಾಗುತ್ತದೆ.

ಅಪ್ಪ ಶಿರಸಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅದು ಇನ್ಸ್‌ಪೆಕ್ಟರರ ಒಂದು ಮಾತಿನ ಮೇಲೆ ನಿಂತಿತ್ತು. "ನಮ್ಮ ಕ ಅಕ್ಷರದ ಹೆಸರೂ ಕ, ಸದ್ದೂ ಕ. ಇಂಗ್ಲಿಷಿಂದು ಹಂಗಲ್ಲ" ಎನ್ನುತ್ತಿದ್ದ ಅಪ್ಪ, ತನ್ನ ಕ್ಲಾಸಿನಲ್ಲೇ ಓದುತ್ತಿದ್ದ ನನಗೂ ಉಳಿದ ಮಕ್ಕಳಿಗೂ ಅಕ್ಷರಗಳ ಹೆಸರು ಬಿಟ್ಟು ಮೊದಲು ಸದ್ದನ್ನೇ ಕಲಿಸಿದ್ದ.

ತಪಾಸಣೆಗೆ ಬಂದ ಆ ಮಧ್ಯಾಹ್ನ ಇನ್ಸ್‌ಪೆಕ್ಟರರು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ 'ಕ್ಯಾಟ್' ಎಂದು ಬರೆದು, ಅಕ್ಷರ ಬಿಡಿಸಿ ಹೇಳಲು ನನ್ನನ್ನು ಎಬ್ಬಿಸಿದರು. ನಾನು ಒಂದೊಂದರ ಮೇಲೂ ಬೆರಳಿಟ್ಟು "ಕ್... ಆ್ಯ... ಟ್" ಎಂದೆ.

"ಈ ಹುಡುಗಿ ತೊದಲತಾಳೇನ್ರಿ, ಮಾಸ್ತರ?"

"ಇಲ್ಲ ಸಾಹೇಬ್ರೇ. ಸದ್ದು ಗೊತ್ತಾದ್ರೆ ಮಕ್ಕಳು ತಾವೇ ಓದ್ತಾರೆ..."

"ಇಡೀ ಕ್ಲಾಸನ್ನ ತೊದಲು ಮಾಡಿ ಇಟ್ಟೀರಲ್ರಿ! ಎ, ಬಿ, ಸಿ ಹೇಳಸ್ರಿ, ನಾ ಕೇಳ್ತೀನಿ."

ನಮಗೆ ಅದು ಬರುತ್ತಿರಲಿಲ್ಲ. ಅಪ್ಪ ಬೋರ್ಡಿನ ಪಕ್ಕ ನಿಂತು ತಾನೊಬ್ಬನೇ ಕೊನೆಯ ಅಕ್ಷರದವರೆಗೂ ಹೇಳಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಇಬ್ಬರೂ ಮನೆಗೆ ಬಂದಾಗ ಅಮ್ಮ ಅಪ್ಪನನ್ನು ಕೇಳಿದಳು, "ಎಂತ ಆತು?"

"ಎಂತದೂ ಇಲ್ಲೆ. ಮುಂದಿನ ತಿಂಗಳಿಂದ ಬೇರೆ ಮಾಸ್ತರ ಬತ್ನಡ."

ದೀಪ ಹಚ್ಚಿದ ಮೇಲೆ ನಾನು ದಿನದಂತೆ ಇಂಗ್ಲಿಷ್ ಪುಸ್ತಕ ತೆಗೆದು, ಸದ್ದಿಗೆ ಸದ್ದು ಕೂಡಿಸಿ ಗಟ್ಟಿಯಾಗಿ ಓದತೊಡಗಿದೆ. ಅಪ್ಪ ಬಂದು ಪಕ್ಕದಲ್ಲಿ ಕೂತು ನನ್ನ ಬಾಯಿಯ ಮೇಲೆ ಮೆಲ್ಲಗೆ ಅಂಗೈ ಇಟ್ಟ.

"ಇನ್ನು ಹಂಗೆ ಓದಡ ಕೂಸೇ" ಎಂದ.

ಬಹಳ ಹೊತ್ತಿನವರೆಗೆ ಆ ಕೈ ತೆಗೆಯಲಿಲ್ಲ.